ನೀಲಗಿರಿ ಎಣ್ಣೆ: ಮೂಗಿಗೆ ಹಿತ, ಹೊಟ್ಟೆಗೆ ವಿಷ

ಉದಕಮಂಡಲಕ್ಕೆ ಹೋಗಿಬಂದ ನೆಂಟರು ಒಂದು ಸೀಸೆ ನೀಲಗಿರಿ ಎಣ್ಣೆಯನ್ನು ತಾರದಿರುವುದು ಅಪರೂಪ. ಅದನ್ನು ನಾವು ಗೋಡೆಯ ಗೂಡಿನಲ್ಲಿ, ಮಕ್ಕಳ ಕೆಮ್ಮಿನ ಔಷಧದ ಪಕ್ಕದಲ್ಲಿಯೇ ಇಡುತ್ತೇವೆ. ಅಪಾಯವು ಅಲ್ಲಿಂದಲೇ ಮೊದಲಾಗುತ್ತದೆ.

ಈ ಮರವು ಆಸ್ಟ್ರೇಲಿಯಾ ದೇಶದ್ದು. 1843ರಲ್ಲಿ ನೀಲಗಿರಿಗೆ ಬಂದು ಸೌದೆಗಾಗಿ ಬೆಳೆಯಿತು. ಬೆಟ್ಟದ ಜನರು ಇದನ್ನು ಕರ್ಪೂರದ ಮರವೆನ್ನುವುದುಂಟು. ಆದರೆ ಕರ್ಪೂರ ಕೊಡುವ ಮರವೇ ಬೇರೆ. ಉದುರಿದ ಎಲೆಗಳನ್ನು ಗುಡಿಸಿ ತಂದು, ದೊಡ್ಡ ತಾಮ್ರದ ಹಂಡೆಗೆ ತುಂಬಿ, ನೀರು ಹಾಕಿ ಕುದಿಸುತ್ತಾರೆ. ಹಬೆಯು ಕೊಳವೆಯಲ್ಲಿ ಹಾಯ್ದು ತಣ್ಣಗಾಗಿ ಇಳಿದಾಗ ಎಣ್ಣೆಯು ಹಗುರವಾದ್ದರಿಂದ ನೀರಿನ ಮೇಲೆ ತೇಲುತ್ತದೆ. ಬೆಂದ ಎಲೆಯನ್ನು ಒಣಗಿಸಿದರೆ ಅದೇ ಮರುದಿನದ ಒಲೆಗೆ ಉರುವಲು. ಮೂಟೆಗಟ್ಟಲೆ ಎಲೆಯ ಸತ್ವವು ಒಂದು ಸೀಸೆಯಲ್ಲಿ ಅಡಗಿರುವುದರಿಂದಲೇ ಇದನ್ನು ಅಳತೆಯಿಲ್ಲದೆ ಬಳಸತಕ್ಕದ್ದಲ್ಲ.

ನೆಗಡಿಯಲ್ಲಿ ಕರವಸ್ತ್ರಕ್ಕೆ ಒಂದೆರಡು ಹನಿ ಹಾಕಿ ಮೂಸಿದರೆ ಮೂಗು ಬಿಟ್ಟಂತಾಗುತ್ತದೆ. ಇದರಲ್ಲಿರುವ ಸಿನಿಯೋಲ್ ಎಂಬ ಅಂಶದ ಗುಣವದು. ಹಿತವೇನೋ ಸರಿ, ಆದರೆ ರೋಗ ಹೋಯಿತೆಂದು ತಿಳಿಯಬಾರದು. ಜ್ವರ ಏರಿದರೆ, ಉಸಿರು ಕಟ್ಟಿದರೆ ವೈದ್ಯರೇ ಗತಿ. ಮೈಕೈ ನೋವಿಗೆ ಹಚ್ಚುವುದಾದರೆ ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಎರಡು ಮೂರು ಹನಿ ಸಾಕು. ಬರಿಯ ಎಣ್ಣೆ ಚರ್ಮವನ್ನು ಉರಿಸುತ್ತದೆ. ಕಣ್ಣಿಗೆ, ಗಾಯಕ್ಕೆ ತಾಗಿಸಬಾರದು.

ಎರಡು ವರ್ಷದೊಳಗಿನ ಕೂಸಿನ ಮೂಗು ಮುಖಕ್ಕೆ ಇದನ್ನು ಸವರಲೇಬಾರದು. ಅಜ್ಜಿಯಂದಿರು ಮುನಿಸಿಕೊಂಡರೂ ಈ ಮಾತನ್ನು ಹೇಳಲೇಬೇಕಾಗಿದೆ. ಉಬ್ಬಸದವರಿಗೆ ಇದರ ವಾಸನೆಯಿಂದ ಉಸಿರಾಟ ಬಿಗಿಯಬಹುದು. ಮೂರ್ಛೆರೋಗವಿದ್ದವರಿಗೆ ಮೂಸಿದರೂ, ಹಚ್ಚಿದರೂ ಸೆಳವು ಬರಬಹುದು. ಚಿಕ್ಕ ಮಕ್ಕಳನ್ನು ಕುದಿನೀರಿನ ಹಬೆಗೆ ಕೂರಿಸುವುದೂ ಬೇಡ. ಪಾತ್ರೆ ಮಗುಚಿ ಮೈ ಬೇಯುವುದುಂಟು. ಬೆಂಕಿ ಬೇಗ ಹತ್ತುವ ಪದಾರ್ಥವಾದ್ದರಿಂದ ಸೀಸೆ ಒಲೆಯ ಬಳಿ ಇರಕೂಡದು.

ಎಲ್ಲಕ್ಕಿಂತ ಮುಖ್ಯ, ಇದನ್ನು ಕುಡಿಯಬಾರದು, ಸಕ್ಕರೆಯ ಮೇಲೆ ಹಾಕಿಯೂ ತಿನ್ನಿಸಬಾರದು. ಒಂದು ಟೀ ಚಮಚದಷ್ಟು, ಅಂದರೆ 5 ಮಿಲಿಲೀಟರು, ಹೊಟ್ಟೆಗೆ ಹೋದರೂ ಸಣ್ಣ ಮಗುವಿನ ಪ್ರಾಣಕ್ಕೆ ಸಂಚಕಾರ. ಕೆಮ್ಮು, ಮಂಪರು, ಸೆಳವು ಕೆಲವೇ ನಿಮಿಷಗಳಲ್ಲಿ ಕಾಣಿಸಬಹುದು. ಆಗ ಗಂಟಲಿಗೆ ಬೆರಳಿಟ್ಟಾಗಲಿ ಉಪ್ಪುನೀರು ಕುಡಿಸಿಯಾಗಲಿ ವಾಂತಿ ಮಾಡಿಸಬಾರದು. ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಕೇಡು ಇಮ್ಮಡಿ. ಮಗು ಚೆನ್ನಾಗಿರುವಂತೆ ಕಂಡರೂ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಎಷ್ಟು ಕುಡಿದಿದೆಯೆಂದು ವೈದ್ಯರು ತಿಳಿಯುವಂತೆ ಆ ಸೀಸೆಯನ್ನೂ ಜೊತೆಗೆ ಕೊಂಡೊಯ್ಯಿರಿ.