ಕಾವೇರಿಗೆ ದುಂಡು ದೋಣಿಯೇ ಯಾಕೆ?

ಇಂಗ್ಲೆಂಡಿನಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋಗಿ, ಅಲ್ಲಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಹತ್ತಿ ಬಂದವರು ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಸಿಕ್ಕಾಗ ಸಾಮಾನ್ಯವಾಗಿ ಕೇಳುವ ಮಾತೊಂದಿದೆ: ಹದಿನೈದು ಕಿಲೋಮೀಟರ್ ಆಚೆ ಶ್ರೀರಂಗಪಟ್ಟಣದಲ್ಲಿ ಕಾವೇರಿ ಹರಿಯುತ್ತಿದ್ದಾಳೆ, ಅಲ್ಲಿಂದ ತಲಕಾಡಿನವರೆಗೆ ದೋಣಿಯಲ್ಲೇ ಯಾಕೆ ಹೋಗಬಾರದು? ಆಸೆ ಒಳ್ಳೆಯದೇ. ಆದರೆ ನದಿ ಅದಕ್ಕೆ ಒಪ್ಪುವುದಿಲ್ಲ.

ನ್ಯಾರೋಬೋಟ್ ಸುಮಾರು 7 ಅಡಿ ಅಗಲ, 70 ಅಡಿವರೆಗೆ ಉದ್ದ ಇರುವ ದೋಣಿ. ಅದು ಓಡುವುದು ಮನುಷ್ಯರು ತೋಡಿದ, ಹೆಚ್ಚುಕಮ್ಮಿ ನಿಂತ ನೀರಿನಲ್ಲಿ. ನೆಲ ಏರಿದಲ್ಲಿ ಕಾಲುವೆಗೆ 'ಲಾಕ್' ಕಟ್ಟಿರುತ್ತಾರೆ. ಅದು ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಬಾಗಿಲು ಮುಚ್ಚಿ, ಮೇಲಿನ ತೂಬು ತೆರೆಯುತ್ತಾರೆ. ನೀರು ತುಂಬಿದಂತೆ ದೋಣಿಯೂ ಮೇಲೇರುತ್ತದೆ. ಎರಡೂ ಕಡೆ ನೀರು ಸಮವಾದಾಗ ಮೇಲಿನ ಬಾಗಿಲು ತೆರೆಯುತ್ತದೆ. ಪಂಪು ಬೇಡ, ಮೋಟರು ಬೇಡ, ಎತ್ತರದ ನೀರೇ ಈ ಕೆಲಸವನ್ನೆಲ್ಲ ಮಾಡಿಬಿಡುತ್ತದೆ.

ನಮ್ಮ ಕಾವೇರಿಯಲ್ಲೂ ಅಡ್ಡಕಟ್ಟೆಗಳಿಗೆ ಕಡಿಮೆಯಿಲ್ಲ. ಬಲಮುರಿಯಲ್ಲಿ ನಾವು ಸ್ನಾನಕ್ಕೆ ಇಳಿಯುವುದು ಅಂಥದೊಂದು ಕಟ್ಟೆಯ ಬುಡದಲ್ಲೇ. ಶ್ರೀರಂಗಪಟ್ಟಣದ ಬಳಿ ಬಂಗಾರದೊಡ್ಡಿ, ತಲಕಾಡಿಗೆ ಮೊದಲು ಮಾಧವಮಂತ್ರಿ ಅಣೆಕಟ್ಟೆ. ಇವನ್ನು ಕಟ್ಟಿದ್ದು ನಾಲೆಗೆ ನೀರು ತಿರುಗಿಸಿ ಗದ್ದೆ ಬೆಳೆಯಲಿಕ್ಕೆ. ದೋಣಿ ದಾಟಿಸುವ ಲಾಕ್ ಇವುಗಳಲ್ಲಿಲ್ಲ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಮೊಣಕಾಲುದ್ದ ನೀರು. ಮಳೆಗಾಲದಲ್ಲಿ ಕೆಆರ್‌ಎಸ್ ತುಂಬಿ ಗೇಟು ಎತ್ತಿದರೆ ದಡವೇ ಕಾಣದಂಥ ಹೊಳೆ. ತಲಕಾಡು ದಾಟಿ ಇನ್ನೂ ಕೆಳಗೆ ಹೋದರೆ ಶಿವನಸಮುದ್ರದ ಜಲಪಾತವೇ ಅಡ್ಡ ನಿಂತಿದೆ.

ಇಂಥ ಹೊಳೆಗೆ ನಮ್ಮವರು ಮಾಡಿಕೊಂಡ ದೋಣಿ ಹರಿಗೋಲು. ಬಿದಿರನ್ನು ಸೀಳಿ, ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಹೆಣೆದು ಮೊದಲು ತಳ ಮಾಡುತ್ತಾರೆ. ಆಮೇಲೆ ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತ ದಪ್ಪ ಅಂಚು ಕಟ್ಟುತ್ತಾರೆ. ಹೊರಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲು ಹೊದಿಸಿ ಡಾಂಬರು ಬಳಿಯುತ್ತಾರೆ. ಒಂದೇ ಉದ್ದದ ಅಂಚಿನೊಳಗೆ ಅತಿ ಹೆಚ್ಚು ಜಾಗ ಸಿಗುವುದು ದುಂಡನೆಯ ಆಕಾರದಲ್ಲಿ, ಹಾಗಾಗಿ ಸಾಮಾನು ಕಡಿಮೆ, ಭಾರವೂ ಕಡಿಮೆ. ತಳ ಅಗಲವಾಗಿರುವುದರಿಂದ ನೀರಿನಲ್ಲಿ ಹೆಚ್ಚು ಮುಳುಗುವುದಿಲ್ಲ. ಬಂಡೆಗೆ ತಗುಲಿದರೆ ಬಿದಿರು ಬಳುಕಿ ಪಕ್ಕಕ್ಕೆ ಜಾರುತ್ತದೆ. ನೀರು ಮುಗಿದ ಕಡೆ ಅಂಬಿಗ ಅದನ್ನೇ ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆಯಬಲ್ಲ. ಲಾಕ್ ಇಲ್ಲದ ನದಿಗೆ ಇದಕ್ಕಿಂತ ಜಾಣ ಉತ್ತರ ನನಗೆ ಕಂಡಿಲ್ಲ.

ಇದಕ್ಕಿರುವ ಒಂದೇ ತೊಡಕೆಂದರೆ ನೇರ ಹೋಗುವ ಸ್ವಭಾವವೇ ಇಲ್ಲದಿರುವುದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳನ್ನು ಕಂಡು, ಇವು ತಿರುಗುತ್ತಲೇ ಇರುತ್ತವೆ ಎಂದು ಬರೆದಿಟ್ಟಿದ್ದಾನೆ. ಪಕ್ಕದಲ್ಲಿ ಹುಟ್ಟು ಹಾಕಿದರೆ ಹರಿಗೋಲು ಗಿರಗಿರ ಸುತ್ತುವುದು ನಿಜ. ಅದಕ್ಕೇ ಅಂಬಿಗ ಮುಂದಿನ ಅಂಚಿಗೆ ಬಂದು ಕೂರುತ್ತಾನೆ. ಹುಟ್ಟನ್ನು ಎದುರಿಗೆ ಚಾಚಿ ನೀರಿಗಿಳಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಅವನ ಮಣಿಕಟ್ಟನ್ನೇ ನೋಡುತ್ತಿರಿ: ನೀರೊಳಗೆ ಹುಟ್ಟಿನ ಅಲಗು ಪ್ರತಿ ಎಳೆತಕ್ಕೂ ತುಸು ಹೊರಳುತ್ತದೆ, ದೋಣಿ ತಿರುಗಲು ಹೊರಟಾಗಲೇ ಅದನ್ನು ತಡೆಯುತ್ತದೆ. ಹೊಳೆ ದಾಟುವಾಗಲೂ ಅವನು ಎದುರು ದಡಕ್ಕೆ ಗುರಿಯಿಟ್ಟು ನೇರ ಹೊರಡುವುದಿಲ್ಲ. ಮೊದಲು ಸೆಳವು ಕಡಿಮೆಯಿರುವ ದಡದ ಬದಿಯಲ್ಲೇ ಒಂದಷ್ಟು ದೂರ ಮೇಲಕ್ಕೆ ಸಾಗಿ, ಆಮೇಲೆ ನಡುನೀರಿಗೆ ಬಿಡುತ್ತಾನೆ. ಹೊಳೆ ಕೆಳಕ್ಕೆ ಎಳೆದಷ್ಟನ್ನೂ ಲೆಕ್ಕ ಹಾಕಿಕೊಂಡಿರುವುದರಿಂದ ಸರಿಯಾದ ಜಾಗಕ್ಕೇ ಮುಟ್ಟುತ್ತಾನೆ.

ಹಾಗಾಗಿ ಕಾವೇರಿಯ ಪಯಣವನ್ನು ತುಂಡುತುಂಡಾಗಿ ಮಾಡಬೇಕು. ಶ್ರೀರಂಗಪಟ್ಟಣದ ಸಂಗಮದಲ್ಲೂ ತಲಕಾಡಿನ ಮರಳ ದಂಡೆಯಲ್ಲೂ ಹರಿಗೋಲು ಸಿಗುತ್ತದೆ. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನಲ್ಲಿ ಹರಿಗೋಲಲ್ಲ, ಅರಣ್ಯ ಇಲಾಖೆಯ ಹುಟ್ಟು ಹಾಕುವ ದೋಣಿ. ಅಲ್ಲಿ ಮೊಸಳೆಗಳಿವೆ, ಕೈ ನೀರಿಗೆ ಬಿಡಬಾರದು. ಮಳೆಗಾಲದ ಅಬ್ಬರ ಇಳಿದ ಮೇಲಿನ ಚಳಿಗಾಲ ಹೋಗಲು ಒಳ್ಳೆಯ ಹೊತ್ತು.

ಹತ್ತುವ ಮೊದಲು ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಕೊಡದಿದ್ದರೆ ಹತ್ತಲೇಬೇಡಿ. ಒಬ್ಬೊಬ್ಬರಾಗಿ ಕಾಲನ್ನು ನಡುಮಧ್ಯಕ್ಕೆ ಇಟ್ಟು ಹತ್ತಿ, ಕೂಡಲೇ ತಳದಲ್ಲಿ ಕುಳಿತುಬಿಡಿ. ಫೋಟೋಗೆಂದು ಎಲ್ಲರೂ ಒಂದೇ ಬದಿಗೆ ವಾಲಿದರೆ ಅಂಚು ನೀರು ಕುಡಿಯುತ್ತದೆ. ಅಂಬಿಗ "ಇವತ್ತು ಬೇಡ" ಅಂದರೆ ಚೌಕಾಸಿ ಮಾಡಬೇಡಿ, ಸುಳಿ ಎಲ್ಲಿದೆಯೆಂದು ಬಲ್ಲವನು ಅವನೇ.

ಮನೆ ಬಿಡುವ ಮುನ್ನ ಪತ್ರಿಕೆಯಲ್ಲಿ ಅಣೆಕಟ್ಟೆಗಳ ಹೊರಹರಿವು ಎಷ್ಟು ಕ್ಯುಸೆಕ್ ಎಂದು ನೋಡಿ. ಸಂಗಮಕ್ಕೆ ಕೆಆರ್‌ಎಸ್ ಲೆಕ್ಕವಷ್ಟೇ ಸಾಕು. ತಲಕಾಡಿಗೆ ಹೋಗುವುದಾದರೆ ಕಬಿನಿಯದನ್ನೂ ನೋಡಬೇಕು. ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಬಂದು ಸೇರುವುದರಿಂದ, ಕೆಆರ್‌ಎಸ್ ಗೇಟು ಮುಚ್ಚಿದ್ದರೂ ಅಲ್ಲಿಂದ ಕೆಳಗೆ ಹೊಳೆ ತುಂಬಿರಬಹುದು.