ನಿರೋಧ್: ಹೆಸರು ಮತ್ತು ಹೊದಿಕೆಯ ಬರಹ

1968ರಲ್ಲಿ ಮೂರಕ್ಕೆ 15 ಪೈಸೆಯಂತೆ ಮಾರಾಟಕ್ಕೆ ಬಂದ ಸರ್ಕಾರಿ ಕಾಂಡೋಮಿಗೆ ‘ನಿರೋಧ್’ ಎಂಬ ಸಂಸ್ಕೃತಮೂಲದ ಹೆಸರು ದೊರೆಯಿತು. ‘ತಡೆ’ ಎಂಬ ಅದರ ಅರ್ಥ ಕನ್ನಡಿಗರಿಗೆ ಅಪರಿಚಿತವಲ್ಲ. ಹೊದಿಕೆಯ ಸಣ್ಣ ಅಕ್ಷರಗಳ ಮಾತು ಬೇರೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರಲ್ಲಿ ಅನೇಕರ ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತ ಲಿಪಿ ತಮಿಳು. ಸೂಚನೆಗಳೋ ಬಹುಮಟ್ಟಿಗೆ ಇಂಗ್ಲಿಷಿನವು. ಅವಧಿ ಮುಗಿಯುವ ದಿನಾಂಕವನ್ನು ಅಂಕಿಗಳಿಂದಲಾದರೂ ಊಹಿಸಬಹುದು. ಎಣ್ಣೆ ಸವರಬಾರದೆಂಬ ಎಚ್ಚರಿಕೆಯನ್ನು ಓದದೆ ತಿಳಿಯುವ ದಾರಿಯಿಲ್ಲ. ಕೊಬ್ಬರಿ ಎಣ್ಣೆ ಮನೆಮನೆಯಲ್ಲೂ ಕೈಗೆಟಕುವ ವಸ್ತು. ಅದು ತಗುಲಿದ ಲೇಟೆಕ್ಸ್ ಕೆಲವೇ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯಬಹುದು. ಹರಿದದ್ದು ಗರ್ಭವನ್ನಾಗಲಿ ಎಚ್‌ಐವಿಯನ್ನಾಗಲಿ ತಡೆಯದು. ಕಾನೂನು ಔಷಧವೆಂದೇ ಪರಿಗಣಿಸುವ ಈ ವಸ್ತುವಿನ ಹೊದಿಕೆಯ ಮೇಲೆ ಎಣ್ಣೆಸೀಸೆಗೆ ಅಡ್ಡಗೆರೆ ಎಳೆದ ಚಿತ್ರವೊಂದಿದ್ದರೆ ಓದುಬಾರದ ನೇಕಾರನಿಗೂ ಎಚ್ಚರಿಕೆ ತಲುಪೀತು.