30 ದಿನದ ಗಡುವು, ₹1.80 ಕೋಟಿಯ ಲೆಕ್ಕ

ಕೂಸಿನ ತೂಕ 1,250 ಗ್ರಾಂ. 1996ರ ಆಗಸ್ಟ್ 30ರಂದು ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ, 29ನೇ ವಾರಕ್ಕೇ ಹುಟ್ಟಿದ್ದು. ಸುಮಾರು 25 ದಿನ ಇನ್‌ಕ್ಯುಬೇಟರ್‌ನಲ್ಲಿತ್ತು. ಕಣ್ಣಿನ ತಜ್ಞರಿಗೆ ತೋರಿಸಿ ಎಂದು ಯಾರೂ ಹೇಳಲಿಲ್ಲ. ದೃಷ್ಟಿ ಹೋಯಿತು. ರಾಷ್ಟ್ರೀಯ ಗ್ರಾಹಕ ಆಯೋಗ ಕೊಡಿಸಿದ್ದು ₹5 ಲಕ್ಷ. 2015ರ ಜುಲೈ 1ರಂದು ಸುಪ್ರೀಂ ಕೋರ್ಟ್ ಅದನ್ನು ಏರಿಸಿ, ಮುಂದಿನ ಖರ್ಚಿಗೆ ₹1.38 ಕೋಟಿ, ಆಗಿಹೋದ ಖರ್ಚಿಗೆ ₹42.87 ಲಕ್ಷ ಎಂದಿತು. ಅಷ್ಟರಲ್ಲಿ ಆ ಮಗುವಿಗೆ 18 ತುಂಬಿತ್ತು.

ದಿನ ತುಂಬದೆ ಹುಟ್ಟಿದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಈ ರೋಗಕ್ಕೆ ಆಸ್ಪತ್ರೆಗಳಲ್ಲಿ ಆರ್‌ಒಪಿ ಎನ್ನುತ್ತಾರೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಗಿದ ಮಗುವಿನ ಕಣ್ಣನ್ನು 30 ದಿನದೊಳಗೆ ನೋಡಬೇಕು. 28 ವಾರ ಅಥವಾ 1,200 ಗ್ರಾಂ ಒಳಗಿನದಾದರೆ 2-3 ವಾರದಲ್ಲೇ. ಪರೀಕ್ಷೆ ದೊಡ್ಡದಲ್ಲ. ಕಣ್ಣಿಗೆ ಹನಿ ಹಾಕಿ ಪಾಪೆ ಅರಳಿಸಿ, ಪುಟ್ಟ ಕ್ಲಿಪ್‌ನಿಂದ ರೆಪ್ಪೆ ಬಿಡಿಸಿ ಹಿಡಿದು, ಒಳಗಿನ ಚಿತ್ರ ತೆಗೆಯುತ್ತಾರೆ. ಕೂಸು ಅಳುತ್ತದೆ, ಕೆಲವು ನಿಮಿಷಕ್ಕೆ ಮುಗಿಯುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಊರೂರಿನ ಶಿಶು ಘಟಕಗಳಿಗೆ ಹೋಗುತ್ತಾರೆ. ತಜ್ಞರು ದೂರದಿಂದಲೇ ಚಿತ್ರ ನೋಡುತ್ತಾರೆ.

ರೋಗ ಬಲಿತಿದ್ದರೆ 48ರಿಂದ 72 ಗಂಟೆಯೊಳಗೆ ಚಿಕಿತ್ಸೆ ಆಗಬೇಕು. ಅದಕ್ಕೆ ನಗರದ ಆಸ್ಪತ್ರೆಗೆ ಹೋಗಬೇಕು: ಬೈಲಹೊಂಗಲದಿಂದ ಬೆಳಗಾವಿ ಸುಮಾರು 45 ಕಿ.ಮೀ. ಕಿತ್ತೂರಿನಿಂದ ಧಾರವಾಡ 30ರ ಆಸುಪಾಸು, ಸವದತ್ತಿಯಿಂದ 40. ರಾಮದುರ್ಗದವರಿಗೆ ಬೆಳಗಾವಿ ನೂರು ಕಿ.ಮೀ. ದಾಟುತ್ತದೆ. ಆದರೂ ಒಂದೇ ದಿನದ ಹಾದಿ. 2023ರ ಜೂನ್ 11ರಿಂದ ತಾಯಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ ₹0. ಹಾಗಾಗಿ ದೂರವನ್ನೇ ದೂರುವುದು ನನಗೆ ಒಪ್ಪಿಗೆಯಿಲ್ಲ.

ತೊಡಕಿರುವುದು ಬಾಣಂತನದಲ್ಲಿ. ಪೆಟಿಗ್ಯಾಗಿಟ್ಟ ಕೂಸು ಬದುಕಿತು ಎಂಬ ಸಮಾಧಾನದಲ್ಲಿ ತಾಯಿ ತವರಿಗೆ ಹೋಗುತ್ತಾಳೆ. ತಿಂಗಳೊಪ್ಪತ್ತು ಹೊಸ್ತಿಲು ದಾಟಿಸುವುದಿಲ್ಲ. 30 ದಿನದ ಗಡುವು ಕಳೆಯುವುದು ಅಲ್ಲೇ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. 28ನೇ ದಿನದ ಭೇಟಿಯಲ್ಲಿ ಕಣ್ಣಿನ ಮಾತು ಬಂದರೂ ಕೈಯಲ್ಲಿ ಇನ್ನೆರಡು ದಿನ ಉಳಿದಿರುತ್ತದೆ.

ತಾಲ್ಲೂಕಿನ ವೈದ್ಯರು ಈ ರೋಗಕ್ಕೆ ಲೇಸರ್ ಚಿಕಿತ್ಸೆ ಮಾಡಲಿಲ್ಲ ಎಂಬುದು ತಪ್ಪಲ್ಲ. ಮಾಡುವವರ ಬಳಿ ಕಳಿಸಲಿಲ್ಲ ಎಂಬುದು ತಪ್ಪು. ಹಾಗಾದಾಗ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಆಸ್ಪತ್ರೆಗೆ ಕಟ್ಟಿದ ಹಣ ₹5 ಲಕ್ಷದೊಳಗಿದ್ದರೆ ದೂರಿನ ಶುಲ್ಕವಿಲ್ಲ. ದಾಖಲೆ ಕೇಳಿದ 72 ಗಂಟೆಯಲ್ಲಿ ಆಸ್ಪತ್ರೆ ಕೊಡಬೇಕು. ಒಂದು ತೊಡಕುಂಟು: 1995ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಎಲ್ಲರಿಗೂ ಪೂರ್ತಿ ಉಚಿತ ಸೇವೆ ಕೊಡುವ ಆಸ್ಪತ್ರೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಅಂಥಲ್ಲಿ ಸಿವಿಲ್ ಕೋರ್ಟಿನ ದಾರಿ ಇದೆ.

ಅದಕ್ಕಿಂತ ಮೊದಲು, ಡಿಸ್ಚಾರ್ಜ್ ಕಾರ್ಡ್ ತಿರುವಿ ನೋಡಿ. ಹುಟ್ಟಿದ ತೂಕ 2 ಕಿಲೋಗಿಂತ ಕಡಿಮೆ ಇದ್ದು, ಕಣ್ಣು ಪರೀಕ್ಷೆಯ ದಿನಾಂಕ ಇಲ್ಲದಿದ್ದರೆ, ಬರೆಸಿಕೊಂಡೇ ಮನೆಗೆ ಹೊರಡಿ.